‘ಟಿಬ್’ ಅಂದರೆ ಏನೂ ಇಲ್ಲ

ನನ್ನ ಮೊಮ್ಮಗಳು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರುವ ಹಾಗಾಗಿತ್ತು. ಅದಕ್ಕೆ ಕಾರಣ ನಾನು. ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೇರೆ ಯಾರಾದರೂ ಹೇಳಿದರೆ ಒಂದಕ್ಕೆ ನಾಲ್ಕು ಸೇರಿಸುತ್ತಾರೆ.

ನಮ್ಮದು ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಎರಡು ಕರೆಯುವ ಹಸು, ಒಂದು ಕರು, ರಾಗಿ ಹೊಲ, ಒಂದಿಷ್ಟು ಟೊಮೆಟೊ. ಮಗ ಹೊಲ ನೋಡಿಕೊಳ್ಳುತ್ತಾನೆ. ಸೊಸೆ ಬೆಳಗಿನ ರೈಲು ಹಿಡಿದು ವೈಟ್‌ಫೀಲ್ಡ್ ಕಡೆ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಅವಳು ಹೋಗುವಾಗಲೂ ಮಗು ಮಲಗಿರುತ್ತದೆ, ಬರುವಾಗಲೂ ಮಲಗಿರುತ್ತದೆ. ಹಾಗಾಗಿ ಮಗುವಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ರಾಬರ್ಟ್‌ಸನ್‌ಪೇಟೆಯ ಸ್ಕೂಲಿಗೆ ಹೋಗುವ ವ್ಯಾನು ಹತ್ತಿಸುವುದು ನಾನು. ಸಂಜೆ ಸ್ಕೂಲಿನ ಡೈರಿ ಪುಸ್ತಕಕ್ಕೆ ಸೈನು ಹಾಕುವುದೂ ನಾನೇ.

ಈ ಸೈನಿನ ವಿಷಯದಲ್ಲಿ ನನಗೆ ತುಂಬಾ ಅಭ್ಯಾಸ. ಹಾಲಿನ ಸಂಘದಲ್ಲಿ ಹಾಕಿದ್ದೇನೆ, ಹೆಂಗಸರ ಸಂಘದಲ್ಲಿ ಹಾಕಿದ್ದೇನೆ, ಪಂಚಾಯಿತಿಯಲ್ಲಿ ಹಾಕಿದ್ದೇನೆ. ಅವರು ಬೆರಳಿಟ್ಟು ತೋರಿಸುತ್ತಾರೆ, ನಾವು ಹಾಕುತ್ತೇವೆ. ಮೇಲೆ ಏನು ಬರೆದಿದೆ ಎಂದು ನಮ್ಮ ಊರಿನಲ್ಲಿ ಯಾರೂ ಕೇಳಿದ್ದಿಲ್ಲ. ಕೇಳಿದರೆ ಹಿಂದೆ ಸಾಲಿನಲ್ಲಿ ನಿಂತವರು ಬೈಯುತ್ತಾರೆ. ಮಗುವಿನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತಿತ್ತು. ಅದರ ಕೆಳಗೆ ಗೀಟು ಇರುತ್ತಿತ್ತು. ಗೀಟು ಇರುವುದೇ ಸೈನು ಹಾಕಲಿಕ್ಕೆ. ನಾನು ಕನ್ನಡದಲ್ಲಿ ದುಂಡಗೆ ನನ್ನ ಹೆಸರು ಬರೆದು ಕಳಿಸುತ್ತಿದ್ದೆ.

ಸೈನು ಹಾಕಿದ ಮೇಲೆ ಪಾಠ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಮಗ ಸಣ್ಣವನಿದ್ದಾಗ ಅವನು ಕೂಗುತ್ತಿದ್ದ ಎ ಬಿ ಸಿ ಡಿ ಕೇಳಿ ಕೇಳಿ ನನಗೂ ಬಾಯಿಗೆ ಬಂದಿತ್ತು. ಅದನ್ನೇ ಮೊಮ್ಮಗಳಿಗೆ ದಾಟಿಸಿದೆ. ಒಂದೇ ಉಸಿರಿನಲ್ಲಿ ಎ ಇಂದ ಜಡ್ಡಿನವರೆಗೆ ಹೇಳುತ್ತಿದ್ದಳು. ಅಕ್ಕಪಕ್ಕದವರು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ನನಗೂ ಒಳಗೆ ಸ್ವಲ್ಪ ಕೊಬ್ಬು ಬಂದಿತ್ತು.

ಸಂಕ್ರಾಂತಿ ಮುಗಿದ ವಾರ ಮಿಸ್ಸು ವ್ಯಾನಿನವನ ಕೈಲಿ ಹೇಳಿಸಿ ನನ್ನನ್ನು ಕರೆಸಿದಳು. ಚಾಂಪಿಯನ್ ರೀಫ್ಸ್ ಕಡೆಯ ಹುಡುಗಿ, ಅವಳ ತಾತ ಗಣಿಯಲ್ಲಿ ದುಡಿದವರಂತೆ. ಮನೆಯ ಮಾತು ತಮಿಳು, ಆದರೂ ನಮ್ಮೊಂದಿಗೆ ಕನ್ನಡ ಚೆನ್ನಾಗಿ ಆಡುತ್ತಾಳೆ.

“ಅಜ್ಜಿ, ನಾನು ಡೈರಿನಲ್ಲಿ ಬರೆದಿದ್ದು ಓದಿದ್ರಾ?”

“ಸೈನ್ ಆಕಿದೀನಲ್ಲಮ್ಮ.”

“ಸೈನ್ ಹಾಕಿದೀರಿ. ಓದಿದ್ರಾ?”

“ನಂಗೆ ಇಂಗ್ಲಿಷ್ ಬರಾಕಿಲ್ಲ.”

ಅವಳು ಪುಸ್ತಕ ಬಿಚ್ಚಿ ಒಂದೊಂದೇ ಹಾಳೆ ತಿರುವುತ್ತಾ ಕನ್ನಡದಲ್ಲಿ ಓದಿ ಹೇಳಿದಳು. ಜುಲೈ ತಿಂಗಳು: ಮನೆಯಲ್ಲಿ ಅಕ್ಷರದ ಹೆಸರು ಹೇಳಿಸಬೇಡಿ, ಸದ್ದು ಹೇಳಿಸಿ. ಕೆಳಗೆ ನನ್ನ ಸೈನು. ಆಗಸ್ಟು: ದಯವಿಟ್ಟು ಎ ಬಿ ಸಿ ಹಾಡಿಸುವುದು ನಿಲ್ಲಿಸಿ, ಮಗುವಿಗೆ ಗೊಂದಲವಾಗುತ್ತಿದೆ. ಸೈನು. ದಸರಾ ರಜೆಗೆ ಮುಂಚೆ: ಒಮ್ಮೆ ಬಂದು ಕಾಣಿ. ಸೈನು. ದೀಪಾವಳಿ ಆದ ಮೇಲೆ: ತುರ್ತಾಗಿ ಬಂದು ಕಾಣಿ. ಅದಕ್ಕೂ ದುಂಡಗೆ ಸೈನು.

“ಪ್ರತೀ ಸಲ ಸೈನ್ ನೋಡಿ, ಅಜ್ಜಿಗೆ ಎಲ್ಲಾ ಗೊತ್ತು, ಬೇಕಂತ್ಲೇ ಬರ್ತಿಲ್ಲ ಅಂದ್ಕೊಂಡೆ,” ಎಂದಳು ಮಿಸ್ಸು.

“ನಿನ್ ಅಕ್ಷರ ಚೆನ್ನಾಗೈತೆ ಅನ್ಕೊಂಡಿದ್ದೆ ಕಣಮ್ಮ,” ಎಂದೆ.

ಆಮೇಲೆ ಅವಳು ವಿಷಯ ಬಿಡಿಸಿ ಹೇಳಿದಳು. ಕನ್ನಡದ ಅಕ್ಷರ ಕಪಟವಿಲ್ಲದ್ದು, ‘ಕ’ ಅಂದರೆ ‘ಕ’ ಅಷ್ಟೇ. ಇಂಗ್ಲಿಷಿನ ಅಕ್ಷರಕ್ಕೆ ಕರೆಯಲಿಕ್ಕೆ ಒಂದು ಹೆಸರು, ಕೆಲಸಕ್ಕೆ ಇನ್ನೊಂದು ಸದ್ದು. ಮಗು ‘ಸಿ ಎ ಟಿ’ ಎಂದು ಎಷ್ಟು ಬೇಗ ಹೇಳಿದರೂ ಅದು ‘ಕ್ಯಾಟ್’ ಆಗುವುದಿಲ್ಲ. ನಾನು ಅಲ್ಲೇ ಮನಸ್ಸಿನಲ್ಲಿ ಹೇಳಿ ನೋಡಿದೆ. ‘ಸಿಯೇಟಿ’ ಅಂತ ಬಂತು. ಅವಳು ಹೇಳುವುದು ನ್ಯಾಯ ಅನ್ನಿಸಿತು. ಮಾರ್ಚಿನಲ್ಲಿ ಓದುವ ಪರೀಕ್ಷೆ ಇದೆ, ಅದರಲ್ಲಿ ಓದದಿದ್ದರೆ ಒಂದನೇ ಕ್ಲಾಸಿಗೆ ಹಾಕುವುದಿಲ್ಲ, ಇನ್ನೊಂದು ವರ್ಷ ಯುಕೆಜಿ ಎಂದಳು.

ಅವತ್ತು ರಾತ್ರಿ ಸೊಸೆ ರೈಲಿಳಿದು ಮನೆಗೆ ಬಂದ ಕೂಡಲೇ ಹೇಳಿದೆ. ನಾನು ಮುಚ್ಚಿಡುವವಳಲ್ಲ. ಅವಳು ಬ್ಯಾಗು ಹೆಗಲಿಂದ ಇಳಿಸಲೂ ಇಲ್ಲ.

“ಏಳು ತಿಂಗ್ಳು ಓದ್ದೆ ಸೈನ್ ಆಕಿದ್ರಾ ಅತ್ತೆ?”

“ಊಂ.”

“ಒಂದ್ಸಲನಾದ್ರೂ ನಂಗ್ ತೋರ್ಸ್ಬಾರ್ದಿತ್ತಾ?”

“ನೀನ್ ಬರೋದ್ರೊಳ್ಗೆ ಪುಸ್ತಕ ಬ್ಯಾಗಿಗ್ ಓಗಿರ್ತಿತ್ತು.”

ಅವಳು ಈಗ ಬ್ಯಾಗು ಇಳಿಸಿದಳು. ಆಮೇಲೆ ಹೇಳಿದಳು: “ಮಗು ಅಲ್ಲೇ ಕೂತ್ಕೊಂಡ್ರೆ ನಾನ್ ಕೆಲ್ಸ ಬಿಟ್ಬಿಡ್ತೀನಿ. ಮನೇಲಿದ್ದು ನಾನೇ ಓದಿಸ್ಕೋತೀನಿ.”

ನನಗೆ ಹೆದರಿಕೆಯಾಯಿತು. ಮಗುವಿಗಾಗಿ ಅಲ್ಲ, ನಿಜ ಹೇಳುತ್ತೇನೆ. ಅವಳಿಗೆ ಆ ಕೆಲಸ ಸಿಗುವ ಮುಂಚೆ ನಾವಿಬ್ಬರೂ ಮೂರು ವರ್ಷ ಹಗಲೆಲ್ಲ ಒಂದೇ ಅಡುಗೆಮನೆಯಲ್ಲಿದ್ದೆವು. ಅವಳು ಒಳ್ಳೆಯವಳು. ನಾನೂ ಒಳ್ಳೆಯವಳೇ. ಒಂದು ಒಲೆಯ ಮುಂದೆ ಇಬ್ಬರು ಒಳ್ಳೆಯವರು ಇರಬಾರದು. ಅವಳು ರೈಲು ಹತ್ತಲು ಶುರು ಮಾಡಿದ ಮೇಲೆಯೇ ನಾವು ಅತ್ತೆ ಸೊಸೆ ನಗುನಗುತ್ತಾ ಮಾತಾಡಿಕೊಂಡದ್ದು. ಅವಳಿಗೂ ಆ ಕೆಲಸ ಇಷ್ಟ. ರೈಲಿನಲ್ಲಿ ಅವಳ ಗುಂಪು ಇದೆ, ಹೋಗುತ್ತಾ ಹೂ ಕಟ್ಟುತ್ತಾರೆ, ಬರುತ್ತಾ ಕಡಲೆಕಾಯಿ ತಿನ್ನುತ್ತಾರೆ.

“ಕೆಲ್ಸ ಗಿಲ್ಸ ಬಿಡ್ಬ್ಯಾಡ,” ಎಂದೆ. “ಮಾರ್ಚ್ ಗಂಟ ತಡಿ. ಕೆಡಿಸಿದ್ದು ನಾನು, ರಿಪೇರಿ ಮಾಡೋದೂ ನಾನೇ.”

“ಎಂಗ್ ಮಾಡ್ತೀರಾ? ನಿಮಗೇ ಬರಾಕಿಲ್ವಲ್ಲ.”

“ಬಂದಿದ್ದಿದ್ರೆ ನಿಂಗ್ಯಾಕ್ ಏಳ್ತಿದ್ದೆ, ಓಗಿ ಉಣ್ಣು.”

ನನ್ನ ಹಾಗೆ ಓದದೆ ಸೈನು ಹಾಕಿದ ಅಜ್ಜಿಯರು ಇನ್ನೂ ಐದು ಜನ ಇದ್ದರೆಂದು ಆ ಶನಿವಾರ ಗೊತ್ತಾಯಿತು. ಸಮಾಧಾನವಾಯಿತು. ಮಿಸ್ಸು ಎಲ್ಲರನ್ನೂ ಕರೆಸಿ, ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳ ಪಕ್ಕದಲ್ಲೇ ಕೂರಿಸಿ ಪಾಠ ಶುರು ಮಾಡಿದಳು. ಕೂರಲು ಮಕ್ಕಳ ಪ್ಲಾಸ್ಟಿಕ್ ಕುರ್ಚಿ. ಆಂಡರ್ಸನ್‌ಪೇಟೆಯಿಂದ ಬರುತ್ತಿದ್ದ ಒಬ್ಬ ದಪ್ಪ ಅಜ್ಜಿ ಅದರಲ್ಲಿ ಕೂತು ಏಳುವಾಗ ಕುರ್ಚಿಯೂ ಜೊತೆಗೇ ಎದ್ದಿತು. ಇಬ್ಬರು ಹಿಡಿದೆಳೆದು ಬಿಡಿಸಬೇಕಾಯಿತು. ಅವತ್ತಿನಿಂದ ಅವಳು ನೆಲದ ಮೇಲೆ, ಅವಳ ಪಕ್ಕ ನಾನು. ಅವಳ ಮಾತು ಅರ್ಧ ತಮಿಳು, ಅರ್ಧ ಕನ್ನಡ. ನನ್ನದು ಅರ್ಧ ಕನ್ನಡ, ಅರ್ಧ ತೆಲುಗು. ಇಬ್ಬರೂ ಸೇರಿ ಇಂಗ್ಲಿಷು ಕಲಿಯಲು ಕೂತಿದ್ದೆವು.

“ಬಾಯಿ ಸ್ವಲ್ಪ ಮಾತ್ರ ತೆಗೆದು, ‘ಟ್’. ‘ಟೀ’ ಅಲ್ಲ. ‘ಟ’ನೂ ಅಲ್ಲ. ‘ಟ್’,” ಎಂದಳು ಮಿಸ್ಸು.

“ಪಲ್ಲೇ ಇಲ್ಲ ನಂಗೆ, ನಾಲಿಗೆ ಎಲ್ಲಿಗಮ್ಮ ತಗಲ್ಸ್ಲಿ?” ಎಂದಳು ಹಲ್ಲಿಲ್ಲದ ಆಂಡರ್ಸನ್‌ಪೇಟೆಯವಳು.

“ನನ್ನವಕ್ಕೆ ತಗಲ್ಸು ಬಾ,” ಎಂದೆ.

“ಉನ್ ಪಲ್ಲು ಯಾರಿಗ್ ಬೇಕಕ್ಕಾ, ಎಲ್ಲಾ ಎಲೆ ಅಡಿಕೆ!”

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಿಸ್ಸು ಮೇಜು ಕುಟ್ಟಿದಳು. ಹೀಗೆ ನಾಲ್ಕು ಶನಿವಾರದಲ್ಲಿ ಹಾವು ಬುಸುಗುಡುವ ಸದ್ದು, ಇರುವೆ ಕಚ್ಚಿದಾಗ ಕೂಗುವ ಸದ್ದು, ದೀಪ ಊದುವ ಸದ್ದು ಎಂದು ಎಲ್ಲ ಅಕ್ಷರದ ಸದ್ದೂ ಮುಗಿಸಿದೆವು. ಮೊಮ್ಮಗಳಿಗೆ ಒಂದೊಂದೇ ಅಕ್ಷರ ತೋರಿಸಿದರೆ ಸದ್ದು ಸರಿಯಾಗಿ ಹೇಳುತ್ತಿದ್ದಳು. ಮಿಸ್ಸು ಒಂದು ಸಣ್ಣ ಪುಸ್ತಕ ಕೊಟ್ಟು, ಮುಂದಿನ ವಾರ ಓದಿಸಿಕೊಂಡು ಬನ್ನಿ ಎಂದಳು. ಹತ್ತು ಪುಟ, ಪುಟಕ್ಕೊಂದು ಸಾಲು, ಒಂದು ನಾಯಿ, ಒಂದು ಬುಟ್ಟಿ.

ಇಲ್ಲಿ ನಾನು ನನ್ನ ಬುದ್ಧಿ ತೋರಿಸಿದೆ. ನಮ್ಮ ಮೇಷ್ಟರ ಕಾಲದಲ್ಲಿ ಓದುವುದು ಅಂದರೆ ಬಾಯಿಪಾಠ. ಮಗ್ಗಿ ಬಾಯಿಪಾಠ, ಪದ್ಯ ಬಾಯಿಪಾಠ, ಇನ್‌ಸ್ಪೆಕ್ಟರು ಬಂದರೆ ಅವರಿಗೆ ನಮಸ್ಕಾರ ಹೇಳುವುದೂ ಬಾಯಿಪಾಠ. ಎದುರು ಮನೆಯ ಹೈಸ್ಕೂಲು ಹುಡುಗಿಯಿಂದ ಆ ಪುಸ್ತಕ ಓದಿಸಿ ಕೇಳಿಸಿಕೊಂಡೆ. ಸಗಣಿ ಬಾಚುವಾಗ, ಹುಲ್ಲು ಹಾಕುವಾಗ ಮೊಮ್ಮಗಳ ಬಾಯಲ್ಲಿ ಹೇಳಿಸಿದೆ. ಮೂರೇ ದಿನ. ಯಾವ ಸಾಲು ಆದ ಮೇಲೆ ಪುಟ ತಿರುಗಿಸಬೇಕು ಎಂದೂ ಕಲಿಸಿದೆ.

ಶನಿವಾರ ಅವಳು ಮಿಸ್ಸಿನ ಮುಂದೆ ಗಡಗಡ ಓದಿದಳು. ನಾನು ಆಂಡರ್ಸನ್‌ಪೇಟೆಯವಳ ಕಡೆ ಒಂದು ನೋಟ ಬಿಟ್ಟೆ. ಮಿಸ್ಸು ಪುಸ್ತಕ ಮುಚ್ಚಿದಳು. ಸ್ಲೇಟು ತೆಗೆದು ಮೂರು ಅಕ್ಷರ ಬರೆದು ಮಗುವಿನ ಮುಂದೆ ಹಿಡಿದಳು.

“ಟ್,” ಎಂದಳು ಮೊಮ್ಮಗಳು. ನಿಂತಳು. “ಇ.” ನಿಂತಳು. “ಬ್.” ನನ್ನ ಮುಖ ನೋಡಿದಳು. ಆಮೇಲೆ ಧೈರ್ಯ ಮಾಡಿ, “ನಾಯಿ,” ಎಂದಳು.

“‘ಟಿಬ್’,” ಎಂದಳು ಮಿಸ್ಸು.

“ಅಂದ್ರೇನಮ್ಮ ಅದು?” ಎಂದೆ ನಾನು.

“ಏನೂ ಇಲ್ಲ ಅಜ್ಜಿ. ಅರ್ಥ ಇಲ್ಲ ಅದಕ್ಕೆ.”

“ಅರ್ಥ ಇಲ್ದಿದ್ದನ್ನ ಮಗು ಯಾಕ್ ಓದ್ಬೇಕು? ಇಂಗ್ಲಿಷ್ನಾಗೆ ಅರ್ಥ ಇರೋ ಪದಗೋಳು ಮುಗ್ದೋದ್ವಾ?”

“ಅರ್ಥ ಇದ್ರೆ ಊಹೆ ಮಾಡಿ ಹೇಳ್ತಾಳೆ, ಇಲ್ಲಾ ಬಾಯಿಪಾಠ ಮಾಡ್ತಾಳೆ. ಇದನ್ನ ಓದಿದ್ರೆ ಮಾತ್ರ ಹೇಳೋಕಾಗೋದು. ಪರೀಕ್ಷೆಯಲ್ಲಿ ಇಂಥವೇ ಹತ್ತು ಇರ್ತವೆ. ಏಳು ಓದಬೇಕು.”

ನನಗೆ ಸಿಟ್ಟು ಬಂತು. ಮಗುವಿನ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದೆ. ಇವರಿಗೆ ಮಾಡಲು ಕೆಲಸವಿಲ್ಲ, ಇಲ್ಲದ ಪದ ಹುಟ್ಟಿಸಿ ಇರುವ ಮಕ್ಕಳನ್ನು ಫೇಲು ಮಾಡುತ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದೆ. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ತಲೆ ಸ್ವಲ್ಪ ತಣ್ಣಗಾಯಿತು. ಹಾಲಿನ ಸಂಘದಲ್ಲಿ ನಾವೆಲ್ಲ ನಮ್ಮ ಹಸುವನ್ನು ಹೊಗಳುತ್ತಾ ಹಾಲು ಸುರಿಯುತ್ತೇವೆ. ಕಾರ್ಯದರ್ಶಿ ಏನೂ ಮಾತಾಡುವುದಿಲ್ಲ, ಒಂದು ಲೋಟ ತೆಗೆದು ಮಿಷನ್ನಿಗೆ ಹಿಡಿಯುತ್ತಾನೆ. ಮಿಷನ್ನಿಗೆ ನಮ್ಮ ಹೊಗಳಿಕೆ ಕೇಳಿಸುವುದಿಲ್ಲ, ನೀರು ಎಷ್ಟಿದೆಯೋ ಅಷ್ಟು ಹೇಳುತ್ತದೆ. ‘ಟಿಬ್’ ಅಂದರೆ ಅದೇ ಮಿಷನ್ನು. ನನ್ನ ಮೊಮ್ಮಗಳ ಓದಿನಲ್ಲಿ ನೀರು ಬೆರೆಸಿದವಳು ನಾನು.

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ತೊಂದರೆ ಎಲ್ಲಿದೆ ಎನ್ನುವುದು ನನಗೂ ಕಾಣುತ್ತಿತ್ತು. ಒಂದೊಂದು ಸದ್ದೂ ಬರುತ್ತದೆ, ಕೂಡಿಸಲು ಬರುವುದಿಲ್ಲ. ಮೂರನೆಯದು ಹೇಳುವಾಗ ಮೊದಲನೆಯದು ಮರೆತಿರುತ್ತದೆ. ಕೂಡ್ಸು ಎಂದರೆ ಜೋರಾಗಿ ಹೇಳುತ್ತಾಳೆ. ಬೇಗ ಹೇಳು ಎಂದರೆ ಅಳುತ್ತಾಳೆ. ಅತ್ತರೆ ನಾನು ಸಮಾಧಾನ ಮಾಡುವವಳಲ್ಲ, ಅತ್ತು ಮುಗಿಸು ಎಂದು ಬಿಟ್ಟು ಹಾಲು ಕರೆಯಲು ಹೋಗುತ್ತೇನೆ.

ಹಾಗೆ ಒಂದು ಸಂಜೆ ಹೋದಾಗ ಮೂಗು ಒರೆಸಿಕೊಳ್ಳುತ್ತಾ ಹಿಂದೆಯೇ ಬಂದಳು. “ಅಜ್ಜೀ, ನಾನ್ ಕರೀತೀನಿ.”

ಕರೆ ಎಂದೆ. ನಮ್ಮ ದೊಡ್ಡ ಹಸು ಸಾಧು, ಮಗು ಜೋತುಬಿದ್ದರೂ ಸುಮ್ಮನಿರುತ್ತದೆ. ಅವಳು ಒಂದು ಸಲ ಹಿಂಡಿ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಮತ್ತೆ ಒಂದು ಸಲ ಹಿಂಡಿದಳು, ಮತ್ತೆ ನೋಡಿದಳು. ಹಸು ಹಾಲು ಬಿಡದೆ ಏರಿಸಿಕೊಂಡುಬಿಟ್ಟಿತು.

“ಅಂಗ್ ನಿಲ್ಲಿಸ್ಬಾರ್ದು ಕಣೇ,” ಎಂದೆ. “ಈ ಕೈ ಬಿಡೋಕ್ ಮುಂಚೆ ಆ ಕೈ ಇಡೀಬೇಕು. ನೀನ್ ನಿಂತ್ರೆ ಅಸೂನೂ ನಿಲ್ಲಿಸ್ಬಿಡ್ತದೆ. ನೋಡಿಲ್ಲಿ.”

ಅವಳ ಕೈ ಮೇಲೆ ನನ್ನ ಕೈ ಇಟ್ಟು ಹಿಂಡಿಸಿದೆ. ಎಡ, ಬಲ, ಎಡ, ಬಲ. ಒಂದು ಧಾರೆ ಮುಗಿಯುವುದರೊಳಗೆ ಇನ್ನೊಂದು. ಬಕೆಟ್ಟಿನಿಂದ ಒಂದೇ ಸಮನೆ ಸದ್ದು ಬರತೊಡಗಿತು, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತು ಎಂದು ಗೊತ್ತಾಗದ ಹಾಗೆ. ಆಗ ನನಗೆ ಹೊಳೆಯಿತು. ಇದು ಇಷ್ಟು ದಿನ ಹೊಳೆಯದೆ ಇದ್ದದ್ದಕ್ಕೆ ನನ್ನ ತಲೆಗೆ ನಾನೇ ಮೊಟಕಿಕೊಂಡೆ.

“ಲೇ, ಆ ಟಿಬ್ಬನ್ನೂ ಇಂಗೇ ಕರಿ. ಮೊದಲ್ನೇದ್ ಬಿಡೋಕ್ ಮುಂಚೆ ಎರಡನೇದು ಇಡ್ಕೋ. ಉಸಿರು ನಿಲ್ಲಿಸ್ಬ್ಯಾಡ.”

“ಟ್ಟ್ಟಿಇಇಬ್,” ಎಂದಳು.

“ಇನ್ನೊಂದ್ಸಲ ಕರಿ.”

“ಟಿಇಬ್. ಟಿಬ್. ಅಜ್ಜೀ, ಟಿಬ್!”

ಹಸು ಬಾಲ ಬೀಸಿ ನನ್ನ ಕೆನ್ನೆಗೆ ಹೊಡೆಯಿತು.

ಅಂದಿನಿಂದ ನಮ್ಮ ಸ್ಕೂಲು ಕೊಟ್ಟಿಗೆಗೆ ಬಂತು. ಮಿಸ್ಸಿನ ಚಾರ್ಟು ನೋಡಿ ನಾನೇ ಇದ್ದಿಲಿನಲ್ಲಿ ಗೋಡೆಯ ಮೇಲೆ ಅಕ್ಷರ ತಿದ್ದುತ್ತಿದ್ದೆ. ಅರ್ಥವಿಲ್ಲದ ಪದ ಮಾಡಲು ಅರ್ಥ ಗೊತ್ತಿಲ್ಲದವಳೇ ಸರಿ. ಮನಸ್ಸಿಗೆ ಬಂದ ಮೂರು ಅಕ್ಷರ ಪಕ್ಕಪಕ್ಕ ಬರೆದರೆ ಆಯಿತು. ಎರಡೋ ಮೂರೋ ಸಲ ಅರ್ಥ ಇರುವ ಪದಗಳೇ ಬಂದುಬಿಟ್ಟಿದ್ದವಂತೆ, ಅದರಲ್ಲಿ ಒಂದಕ್ಕೆ ಹಂದಿ ಎಂದು ಅರ್ಥ. ನಾನು ಹಾಲು ಕರೆಯುತ್ತಿದ್ದೆ, ಅವಳು ಗಾಳಿಯಲ್ಲಿ ಮುಷ್ಟಿ ಹಿಂಡುತ್ತಾ ಗೋಡೆ ಓದುತ್ತಿದ್ದಳು. ಕೆಲವು ದಿನ ಎಲ್ಲ ತಪ್ಪು. ಕೆಲವು ದಿನ ಮೂರು ಸರಿ. ಒಂದು ದಿನ ಏನನ್ನೂ ಓದದೆ ಕರುವಿನ ಮೇಲೆ ಮಲಗಿ ನಿದ್ದೆ ಮಾಡಿದಳು.

ನನ್ನ ಮಗ ಬಂದು ಗೋಡೆ ನೋಡಿದ. “ಏನಮ್ಮಾ ಇದು, ಯಾರೋ ಮಾಟ ಮಾಡ್ಸಿದಂಗೈತೆ!”

“ನಿನ್ ಮಗಳ್ ಪಾಠ ಕಣ್ಲಾ. ಅಳಿಸ್ದೋ, ನಿಜ್ವಾಗ್ಲೂ ಮಾಡಿಸ್ತೀನಿ.”

ಅವನು ತಮಾಷೆಗೆ ಅಂದದ್ದನ್ನು ಪಕ್ಕದ ಮನೆಯವಳು ನಿಜವಾಗಿ ನಂಬಿದಳು. ಅವಳ ಹಸು ಕಿಲಾಡಿ, ಒದೆಯುತ್ತದೆ, ಹಾಲು ಇಳಿಸುವುದಿಲ್ಲ. ದಿನಾ ಸಂಜೆ ನಮ್ಮ ಕೊಟ್ಟಿಗೆಯಿಂದ ಟಿಬ್, ಪೆಮ್, ಸಗ್ ಎಂದು ಕೂಗು, ಅದರ ಜೊತೆಗೆ ಹಾಲಿನ ಸದ್ದು. ಅವಳು ಬೇಲಿ ಹತ್ತಿರ ಬಂದು ಗುಟ್ಟಾಗಿ ಕೇಳಿದಳು.

“ಅಕ್ಕಾ, ಅದ್ಯಾವ ಮಂತ್ರ? ನಂಗೂ ಏಳ್ಕೊಡು, ನಿಂಗೆ ಪುಣ್ಯ ಬತ್ತದೆ.”

“ಮಂತ್ರ ಅಲ್ಲ ಕಣೇ, ಮಗೀಗ್ ಓದಿಸ್ತಿದೀನಿ.”

“ಓದೋದಾದ್ರೆ ಅರ್ಥ ಇರ್ಬೇಕಲ್ಲ? ಏನರ್ಥ ಏಳು.”

“ಅರ್ಥ ಇಲ್ಲ.”

“ಅಂಗಂದ್ರೆ ಮಂತ್ರನೇ. ಏಳ್ಕೊಡಾಕ್ ಇಷ್ಟ ಇಲ್ಲ ಅನ್ನು.”

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ, ಟಿಬ್ ಅಂತ ಅಂದುಕೋ ಹೋಗು ಎಂದೆ. ಅವಳು ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಹಸುವಿನ ಕಿವಿಯಲ್ಲಿ ಟಿಬ್ ಎಂದಳು. ನಾಲ್ಕು ದಿನಕ್ಕೆ ಅರ್ಧ ಲೀಟರು ಜಾಸ್ತಿಯಾಯಿತು ಎಂದು ಇಡೀ ಬೀದಿಗೆ ಹೇಳಿಕೊಂಡು ಬಂದಳು. ಅದು ಆ ವಾರ ಹಾಕಿದ ಹಿಂಡಿಯಿಂದ ಆದದ್ದು. ಆದರೂ ನಾನು ತಿದ್ದಲು ಹೋಗಲಿಲ್ಲ, ನನಗೆ ನನ್ನದೇ ಸಾಕಾಗಿತ್ತು. ಸೊಸೆ ದಿನಾ ಮನೆಗೆ ಬಂದ ಕೂಡಲೇ ಕೇಳುತ್ತಿದ್ದಳು, “ಇವತ್ತೆಷ್ಟು?” ನಾಲ್ಕು ಎನ್ನುತ್ತಿದ್ದೆ. ಐದು ಎನ್ನುತ್ತಿದ್ದೆ. ಏಳು ಎನ್ನಲು ಒಂದು ದಿನವೂ ಆಗಲಿಲ್ಲ. ಕೆಲಸ ಬಿಡುವುದಾದರೆ ಒಂದು ತಿಂಗಳು ಮುಂಚೆ ಹೇಳಬೇಕಂತೆ ಅತ್ತೆ ಎಂದು ಒಂದು ದಿನ ಮುದ್ದೆ ಮುರಿಯುತ್ತಾ ಹೇಳಿದಳು. ನಾನು ಕೇಳಿಸದವಳ ಹಾಗೆ ಸಾರು ಬಡಿಸಿದೆ.

ಪರೀಕ್ಷೆಯ ದಿನ ಸ್ಕೂಲಿನ ವರಾಂಡದಲ್ಲಿ ಅಜ್ಜಿಯರೆಲ್ಲ ಸಾಲಾಗಿ ಕೂತಿದ್ದೆವು. ಒಳಗೆ ಒಂದೊಂದೇ ಮಗುವನ್ನು ಕರೆಯುತ್ತಿದ್ದರು. ನಮ್ಮ ಮಿಸ್ಸಿನ ಜೊತೆ ಹೆಡ್‌ಮಿಸ್ಸೂ ಕೂತಿದ್ದರು. ಆಂಡರ್ಸನ್‌ಪೇಟೆಯವಳ ಮೊಮ್ಮಗಳು ಓದಿ ಹೊರಗೆ ಬಂದು, ಒಂಬತ್ತು ಎಂದಳು. ಅವಳ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ನನ್ನ ಕಡೆ ನೋಡಿದಳು.

“ಯಾಕಕ್ಕಾ ನಡುಕ್ತಾ ಇದೀಯ?”

“ಫ್ಯಾನ್ ಗಾಳಿ.”

“ಫ್ಯಾನ್ ಎಲ್ಲೈತೆ ಇಲ್ಲಿ?”

“ಸುಮ್ಕಿರೇ.”

ಕಿಟಕಿಯಿಂದ ನನ್ನ ಮೊಮ್ಮಗಳ ಬೆನ್ನು ಕಾಣುತ್ತಿತ್ತು. ಹೆಡ್‌ಮಿಸ್ಸು ಒಂದು ಚೀಟಿ ಹಿಡಿದರು. ಮಗುವಿನ ಎರಡು ಕೈಯೂ ಮೇಲೆ ಬಂದು ಗಾಳಿಯಲ್ಲಿ ಹಿಂಡತೊಡಗಿದವು. ಎಡ, ಬಲ. ಹೆಡ್‌ಮಿಸ್ಸು ಏನೋ ಕೇಳಿದರು.

“ಹಾಲ್ ಕರೀತಿದೀನಿ ಮಿಸ್,” ಎಂದು ಮಗು ಹೇಳಿದ್ದು ಹೊರಗಡೆಗೂ ಕೇಳಿಸಿತು.

ಆ ಮಹಾತಾಯಿ ಪೆನ್ನು ಕೆಳಗಿಟ್ಟು ನಮ್ಮ ಮಿಸ್ಸಿನ ಮುಖ ನೋಡಿದರು. ನಮ್ಮ ಮಿಸ್ಸು ಕತ್ತು ಬಗ್ಗಿಸಿ ಕೂತಿದ್ದಳು, ನಗುತ್ತಿದ್ದಳೋ ಏನೋ. ಚೀಟಿಗಳು ಒಂದಾದ ಮೇಲೆ ಒಂದು ಬಂದವು. ಒಂದು ಕಡೆ ಕೈ ನಿಂತುಹೋಯಿತು. ಹಸು ಹಾಲು ಏರಿಸಿಕೊಂಡಿತು ಎಂದು ನಾನು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಮಿಸ್ಸೇ ಹೊರಗೆ ಬಂದು ಹೇಳಿದಳು. “ಎಂಟು, ಅಜ್ಜಿ. ಒಂದನೇ ಕ್ಲಾಸಿಗೆ ಯೂನಿಫಾರ್ಮ್ ಹೊಲಿಸಿ.”

“ಬರ್ದು ಕೊಡಮ್ಮ,” ಎಂದೆ. “ಕನ್ನಡ್ದಲ್ಲಿ ಬರಿ. ಓದಿ ಸೈನ್ ಆಕ್ತೀನಿ.”

ಸೊಸೆಗೆ ಫೋನು ಮಾಡಲು ಆಗುವುದಿಲ್ಲ, ಕೆಲಸದ ಹೊತ್ತಿನಲ್ಲಿ ಅವರ ಫೋನುಗಳನ್ನೆಲ್ಲ ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ರಾತ್ರಿಯವರೆಗೆ ಕಾದೆ. ಅವಳು ಅಂಗಳಕ್ಕೆ ಕಾಲಿಡುವಾಗಲೇ ಕೂಗಿ ಹೇಳಿದೆ.

“ಎಂಟು!”

ಅವಳು ಚಪ್ಪಲಿ ಬಿಡುತ್ತಾ ನಿಂತಳು. “ಅತ್ತಕ್ಕಾ?”

“ಊಂ, ಅತ್ತಕ್ಕೆ. ಪಾಸು.”

“ಇನ್ನೆರಡು ಯಾಕ್ ಬರ್ಲಿಲ್ಲ?”

ಇದಕ್ಕೇ ನಾನು ಹೇಳಿದ್ದು, ಒಂದು ಒಲೆಗೆ ಇಬ್ಬರು ಸಲ್ಲರು ಎಂದು. “ಆ ಎರಡಕ್ಕೆ ಅರ್ಥ ಇರ್ಲಿಲ್ಲ,” ಎಂದೆ.

ಅವಳಿಗೆ ನಗು ಬಂತು. ಕೂತು, ಬ್ಯಾಗಿನಿಂದ ರೈಲಿನಲ್ಲಿ ಉಳಿಸಿ ತಂದಿದ್ದ ಕಡಲೆಕಾಯಿ ತೆಗೆದು ನನ್ನ ಮುಂದೆ ಸುರಿದಳು. ಇಬ್ಬರೂ ಸುಲಿದು ತಿಂದೆವು. ತಿನ್ನುತ್ತಾ ಹೇಳಿದಳು, ನಾಳೆಯಿಂದ ಒಂದು ವಾರ ಕಾರ್ಖಾನೆಗೆ ಬೇಗ ಬರಬೇಕಂತೆ, ಹೆಚ್ಚು ಕೆಲಸ ಇದೆಯಂತೆ, ಐದಕ್ಕೆ ಮುಂಚೆ ಎಬ್ಬಿಸಿ ಅತ್ತೆ ಎಂದು.

ಎಬ್ಬಿಸಿದೆ. ಬೈದುಕೊಂಡೇ ಎದ್ದು, ತಲೆ ಬಾಚಿಕೊಂಡು, ಹೂ ಮುಡಿದು ಹೊರಟಳು. ಅವಳು ಬೀದಿ ತಿರುಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಬಂದು, ಭಾನುವಾರ ಅವಳು ಅಡುಗೆಮನೆಯಲ್ಲಿ ಅವಳಿಗೆ ಬೇಕಾದ ಹಾಗೆ ಜೋಡಿಸಿದ್ದ ಡಬ್ಬಗಳನ್ನೆಲ್ಲ ತೆಗೆದು, ನನಗೆ ಬೇಕಾದ ಕಡೆ ಇಟ್ಟುಕೊಂಡೆ.